ಬಾರ್ಕೂರಿನ ದೇವರಿಗೆ ಹೇಳಿಕೊಂಡ ಸುಳ್ಳು ಹರಕೆ

ಅಣ್ಣನನ್ನು ಬಾರ್ಕೂರಿಗೆ ಹೊರಡಿಸಲು ನಾನು ದೇವರ ಹೆಸರಿನಲ್ಲಿ ಒಂದು ಸುಳ್ಳು ಹೇಳಿದೆ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೊಮ್ಮಗಳು ನನಗೆ ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡಲು ಕಲಿಸಿ ಎರಡು ತಿಂಗಳಾಯಿತು. ದಿನಾ ಬೆಳಿಗ್ಗೆ ಬಂಧುಬಳಗಕ್ಕೆಲ್ಲ ಹೂವಿನ ಚಿತ್ರದ ಕೆಳಗೆ ಶುಭೋದಯ ಎಂದು ಬರೆದು ಕಳಿಸಿ ಬೇಸರ ಬಂತು. ನಿಜವಾಗಿ ನಡೆದದ್ದು ಏನಾದರೂ ಬರೆಯೋಣ ಎಂದು ಕೂತರೆ, ಅದು ಸುಳ್ಳಿನಿಂದಲೇ ಶುರುವಾಗುತ್ತದೆ. ನಾನೇನು ಮಾಡಲಿ?

ಅಣ್ಣನಿಗೆ ಎಂಬತ್ತೊಂದು, ನನಗಿಂತ ಏಳು ವರ್ಷ ದೊಡ್ಡವರು. ಬೆಳ್ಮಣ್ಣಿನ ಹತ್ತಿರದ ಒಂದು ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಾಸ್ಟ್ರಾಗಿದ್ದರು. ಅತ್ತಿಗೆ ತೀರಿಕೊಂಡ ಮೇಲೆ ಕಾಪುವಿನಲ್ಲಿರುವ ನನ್ನ ಮನೆಗೆ ಬಂದರು. ಕಾರ್ಕಳದಲ್ಲಿರುವ ಮಗ ಸೊಸೆ ಕರೆಯಲಿಲ್ಲ ಎಂದಲ್ಲ. ನಮ್ಮಲ್ಲಿ ಹಿಂದಿನಿಂದ ಮನೆ ಎನ್ನುವುದು ತಾಯಿಯಿಂದ ಮಗಳಿಗೆ ಬರುವಂಥದ್ದು. ಗಂಡಸಿಗೆ ಎಷ್ಟು ವಯಸ್ಸಾದರೂ ಅಕ್ಕತಂಗಿಯರ ಮನೆಯೇ ತನ್ನ ಮನೆ. ಕಾನೂನು ಬದಲಾಗಿ ಎಷ್ಟೋ ಕಾಲವಾಯಿತು, ಆದರೆ ಅಣ್ಣನ ಟ್ರಂಕಿಗೆ ಆ ವಿಷಯ ಗೊತ್ತಿಲ್ಲ. ಅದು ನೆಟ್ಟಗೆ ನನ್ನ ಚಾವಡಿಗೇ ಬಂದು ಕೂತಿತು.

ಅವರ ಕಣ್ಣಿಗೆ ಬಂದಿರುವುದು ಅಂಚಿನಿಂದ ಒಳಕ್ಕೆ ನೋಟ ಕಿರಿದಾಗುತ್ತಾ ಬರುವ ಕಾಯಿಲೆ. ಪೇಪರನ್ನು ಕೊಳವೆಯ ಹಾಗೆ ಸುತ್ತಿ ಅದರೊಳಗಿಂದ ನೋಡಿದರೆ ಎಷ್ಟು ಕಾಣುತ್ತದೋ ಅಷ್ಟೇ ಈಗ ಅವರಿಗೆ ಕಾಣುವುದು. ತಟ್ಟೆಯಲ್ಲಿ ನೀರುದೋಸೆ ಕಂಡರೆ ಚಟ್ನಿ ಕಾಣುವುದಿಲ್ಲ, ಚಟ್ನಿ ಕಂಡರೆ ಎದುರು ಕೂತ ನಾನು ಕಾಣುವುದಿಲ್ಲ. "ಅದೊಂದು ಲಾಭ," ಎನ್ನುತ್ತಾರೆ.

ಮಣಿಪಾಲದಲ್ಲಿ ಕಣ್ಣು ನೋಡಿದ ಡಾಕ್ಟರು ಸಣ್ಣ ಪ್ರಾಯದ ಹುಡುಗಿ, ಮುಚ್ಚಿಡದೆ ಹೇಳಿದಳು. "ಹೋದದ್ದು ವಾಪಸು ಬರುವುದಿಲ್ಲ ಅಜ್ಜ. ಇರುವುದನ್ನು ಮದ್ದು ಹಾಕಿ ಆದಷ್ಟು ದಿನ ಹಿಡಿದಿಟ್ಟುಕೊಳ್ಳುವ."

"ಎಷ್ಟು ದಿನ?" ಅಣ್ಣ ಕೇಳಿದರು.

"ವರ್ಷ ಇರಬಹುದು, ಎರಡಿರಬಹುದು. ನೋಡಬೇಕು ಅಂತ ಇರುವುದನ್ನೆಲ್ಲ ಈಗಲೇ ನೋಡಿಬಿಡಿ."

ಔಷಧಿಯ ಕೌಂಟರಿನ ಎದುರು ಬೆಂಚಿನಲ್ಲಿ ಕೂತಾಗ ಅಣ್ಣ ಮದ್ದಿನ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ತನಗೆ ತಾನೇ ಹೇಳಿಕೊಂಡ ಹಾಗೆ, "ಬಾರ್ಕೂರಿನ ಅರಮನೆ ಒಂದನ್ನು ನೋಡಬೇಕಿತ್ತು," ಎಂದರು. ನಾನು ತಿರುಗಿ ನೋಡಿದ್ದು ಗೊತ್ತಾಗಿ ಗಡಿಬಿಡಿಯಲ್ಲಿ, "ಇನ್ನೊಮ್ಮೆ," ಎಂದು ಸೇರಿಸಿದರು.

ಬಾರ್ಕೂರು ಎಂದರೆ ಉಡುಪಿಯಿಂದ ಬಡಗು ದಿಕ್ಕಿಗೆ, ಬ್ರಹ್ಮಾವರದ ಆಚೆ, ಸೀತಾ ನದಿಯ ದಡದ ಊರು. ಒಂದು ಕಾಲಕ್ಕೆ ಅರಸರ ರಾಜಧಾನಿ. ವರ್ಷದ ಒಂದೊಂದು ದಿನಕ್ಕೆ ಒಂದೊಂದು ದೇವಸ್ಥಾನ ಇತ್ತು ಎಂದು ಹಿರಿಯರು ಹೇಳುವ ಊರು. ಅಣ್ಣನ ಪಾಠಗಳಲ್ಲೆಲ್ಲ ಹೆಸರುವಾಸಿಯಾದದ್ದು ಆ ಊರಿನ ಅರಮನೆಯ ಪಾಠ. ನೂರು ಕಂಬದ ಒಡ್ಡೋಲಗ, ಎರಡು ಉಪ್ಪರಿಗೆ, ರಾಣಿಯರ ಕೋಣೆಯಿಂದ ನೇರ ಹೊಳೆಗೆ ಇಳಿಯುವ ಮೆಟ್ಟಿಲು. ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ತುಂಬ ಬಿಡಿಸಿ, ಮರುದಿನದವರೆಗೂ ಒರೆಸಲು ಬಿಡುತ್ತಿರಲಿಲ್ಲವಂತೆ. ಮನೆಯಲ್ಲಿ ನಮಗೂ ಅದೇ ಪಾಠ. ಹೆಗಲ ಮೇಲಿನ ಬೈರಾಸನ್ನು ಮುಂಡಾಸಿನ ಹಾಗೆ ಸುತ್ತಿಕೊಂಡು ಚಾವಡಿಯಲ್ಲಿ ಒಡ್ಡೋಲಗ ನಡೆಸುತ್ತಿದ್ದರು. ಆ ಅರಮನೆಯಲ್ಲಿ ಎಷ್ಟು ಕಿಟಕಿ ಉಂಟು ಎಂದು ನಾನು ನಿದ್ದೆಯಲ್ಲೂ ಹೇಳುತ್ತಿದ್ದೆ.

ಹಾಗಾಗಿ ಮಣಿಪಾಲದಿಂದ ಮನೆಗೆ ಬರುವಷ್ಟರಲ್ಲಿ ನಾನು ತೀರ್ಮಾನ ಮಾಡಿಯಾಗಿತ್ತು. ಇವರ ಕಣ್ಣು ಇರುವಾಗಲೇ ಇವರಿಗೆ ಆ ಅರಮನೆಯನ್ನು ತೋರಿಸಿಯೇ ತೀರುವುದು.

ಆದರೆ ಅಣ್ಣ ಏಳಲೇ ಇಲ್ಲ. ಮೊದಲ ಸಲ ಕೇಳಿದಾಗ ಮೊಣಕಾಲು ನೋವು. ಎರಡನೇ ಸಲ ಬಿಸಿಲು. ಮೂರನೇ ಸಲ, ಕಣ್ಣಿಗೆ ಮದ್ದು ಬಿಡುವ ಸಮಯ ತಪ್ಪುತ್ತದೆ ಎಂದರು.

"ಮದ್ದಿನ ಬಾಟ್ಲಿ ಚೀಲದಲ್ಲಿ ಹಿಡಿಯುತ್ತದೆ ಅಣ್ಣ. ನೀವೇ ಹಿಡಿಯುವುದಿಲ್ಲ."

"ಆ ಊರು ಎಲ್ಲಿಗಾದರೂ ಓಡಿ ಹೋಗುತ್ತದಾ? ಮುಂದೆ ಹೋದರಾಯಿತು."

"ಊರು ಓಡುವುದಿಲ್ಲ. ಓಡುವುದು ಯಾವುದು ಅಂತ ನಿಮಗೂ ಗೊತ್ತುಂಟು, ನನಗೂ ಗೊತ್ತುಂಟು."

ಅವರು ರೇಡಿಯೋದ ವಾಲ್ಯೂಮ್ ಜಾಸ್ತಿ ಮಾಡಿದರು. ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನನ್ನ ಬಾಯಿ ನನ್ನನ್ನು ಕೇಳಿ ಮಾತಾಡುವುದಿಲ್ಲ.

"ಹರಕೆ ಹೇಳಿಕೊಂಡಿದ್ದೇನೆ," ಎಂದೆ.

ರೇಡಿಯೋ ನಿಂತಿತು. "ಎಂತ ಹರಕೆ?"

"ಬೆಳ್ಳಿಯ ಕಣ್ಣು. ನಿಮ್ಮ ಹೆಸರಿನಲ್ಲಿ. ಡಾಕ್ಟರು ಹೇಳಿದ ದಿನವೇ ಹೇಳಿಕೊಂಡದ್ದು."

"ಯಾವ ದೇವರಿಗೆ?"

"ಬಾರ್ಕೂರು ಕೋಟೆಕೇರಿಯ ಈಶ್ವರನಿಗೆ." ಈಶ್ವರ ಕ್ಷಮಿಸಲಿ, ಆ ಹೊತ್ತಿಗೆ ಬಾಯಿಗೆ ಬಂದದ್ದು ಅವನೊಬ್ಬನೇ.

ಹರಕೆಯ ವಿಷಯದಲ್ಲಿ ನಮ್ಮ ಕುಟುಂಬದಲ್ಲಿ ಅಣ್ಣನಷ್ಟು ಕಟ್ಟುನಿಟ್ಟಿನವರು ಬೇರೆ ಇಲ್ಲ. ಬಾಯಿಂದ ಹೊರಟ ಹರಕೆ ಸಲ್ಲಲೇಬೇಕು, ಯಾರಿಗಾಗಿ ಹೇಳಿದ್ದೋ ಅವರು ಎದುರು ನಿಂತೇ ಸಲ್ಲಿಸಬೇಕು. ನಮ್ಮ ಅಜ್ಜಿ ಯಾವಾಗಲೋ ಹೇಳಿಕೊಂಡು ಮರೆತು ತೀರಿಹೋದ ಒಂದು ಹರಕೆ ಜೋಯಿಸರ ಪ್ರಶ್ನೆಯಲ್ಲಿ ಕಂಡುಬಂತೆಂದು, ಇಡೀ ಕುಟುಂಬವನ್ನು ವ್ಯಾನಿನಲ್ಲಿ ತುಂಬಿಸಿ ಹೆಬ್ರಿಯಿಂದಾಚೆ ಎಳೆದುಕೊಂಡು ಹೋದವರು ಇವರು. ಈಗ ತಾವು ಹಾಕಿದ ಬಲೆಯಲ್ಲಿ ತಾವೇ ಬಿದ್ದರು.

"ನನ್ನನ್ನು ಕೇಳದೆ ಎಂತಕ್ಕೆ ಹೇಳಿಕೊಂಡದ್ದು?"

"ಹರಕೆಗೆ ಅರ್ಜಿ ಹಾಕಲಿಕ್ಕುಂಟಾ?"

ಗೆದ್ದೆ ಎಂದು ಒಳಗೆ ಹೋದವಳಿಗೆ ಅಕ್ಕಿ ತೊಳೆಯುವಾಗ ಸಂಶಯ ಹತ್ತಿತು. ಹರಕೆ ಸುಳ್ಳು, ಸರಿ. ಆದರೆ ಬಾಯಿಂದ ಹೊರಟಿತಲ್ಲ? ಹೊರಟ ಮೇಲೆ ಅದು ಸುಳ್ಳಾಗಿ ಉಳಿಯುತ್ತದೆಯೇ? ಕೈ ಒರೆಸಿಕೊಂಡು ದೇವರ ಕೋಣೆಗೆ ಹೋಗಿ ದೀಪ ಹಚ್ಚಿದೆ. ಸ್ವಾಮಿ, ಇದು ನಿಜದ ಹರಕೆ, ದಯವಿಟ್ಟು ಡಾಕ್ಟರು ಕಣ್ಣು ನೋಡಿದ ತಾರೀಕಿಗೇ ಹಾಕಿಕೋ ಎಂದು ಕೇಳಿಕೊಂಡೆ. ದೇವರಿಗೂ ಹಿಂದಿನ ತಾರೀಕು ಹಾಕಿಸಿದವಳು ನಾನು.

ಮಣಿಪಾಲದಲ್ಲಿ ಓದುತ್ತಿರುವ ಮೊಮ್ಮಗಳಿಗೆ ಮೆಸೇಜು ಕಳಿಸಿದೆ. ಅವಳು ಕೂಡಲೇ ಫೋನು ಮಾಡಿದಳು. "ಅಜ್ಜೀ, ನಿಮಗೆ ಮಂಡೆ ಸಮ ಉಂಟಾ? ಇಬ್ಬರೇ ಬಸ್ಸಲ್ಲಾ? ಆದಿತ್ಯವಾರ ನಾನು ಕಾರು ಮಾಡಿಕೊಂಡು ಬರ್ತೇನೆ."

"ಆದಿತ್ಯವಾರದ ಒಳಗೆ ನಿನ್ನ ಅಜ್ಜ ಇನ್ನು ನಾಲ್ಕು ನೆಪ ಹುಟ್ಟಿಸಿರುತ್ತಾರೆ. ನಾಳೆಯೇ ಹೋಗುವುದು."

ಮರುದಿನ ಬೆಳಿಗ್ಗೆ ಕಾಪುವಿನಲ್ಲಿ ಬಸ್ಸು ಹತ್ತಿದೆವು. ಅಣ್ಣನಿಗೆ ಮೆಟ್ಟಿಲು ಕಂಡರೆ ಹಿಡಿಕೆ ಕಾಣುವುದಿಲ್ಲ. ಮೊಣಕೈ ಹಿಡಿದರೆ ಕೊಡವಿಕೊಂಡರು. "ಬೇಗ ಬೇಗ," ಎಂದು ಕಂಡಕ್ಟರ್ ಬಾಗಿಲಿಗೆ ಬಡಿಯುತ್ತಿದ್ದ. "ನಿನಗೂ ಎಂಬತ್ತೊಂದಾಗುತ್ತದೆ ಮಾರಾಯ, ಆಗ ನಾನು ಬಂದು ಬಾಗಿಲು ಬಡಿಯುತ್ತೇನೆ," ಎಂದೆ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಅವನೂ ನಕ್ಕು, ಮುಂದಿನ ಸೀಟು ಬಿಡಿಸಿಕೊಟ್ಟ.

ಉಡುಪಿಯಲ್ಲಿ ಇಳಿದು ಬೆಳ್ಳಿ ಅಂಗಡಿಗೆ ಹೋದೆವು. ಹರಕೆಯ ಸಾಮಾನಿಗೇ ಒಂದು ತಟ್ಟೆ ಬೇರೆ ಇತ್ತು. ಕೈ, ಕಾಲು, ತೊಟ್ಟಿಲು, ಹಾವಿನ ಹೆಡೆ, ಎಲ್ಲ ಬೆಳ್ಳಿಯ ತೆಳು ತಗಡಿನಲ್ಲಿ. ಅಂಗಡಿಯವರು ಒಂದು ಜೊತೆ ಕಣ್ಣು ತೆಗೆದಿಟ್ಟರು. ಅಣ್ಣ ಅದನ್ನು ಮೂಗಿನ ತುದಿಗೆ ಹಿಡಿದುಕೊಂಡು ಅತ್ತಿತ್ತ ಸರಿಸಿ ನೋಡಿದರು.

"ಇದಕ್ಕೆ ಮೆಳ್ಳೆ ಉಂಟು," ಎಂದರು.

"ಎಲ್ಲಿ ಅಜ್ಜ? ಸರಿಯಾಗಿಯೇ ಉಂಟಲ್ಲ."

"ಈ ಎಡದ್ದು ಮೂಗಿನ ಕಡೆಗೆ ನೋಡುತ್ತಾ ಉಂಟು. ನಾನು ಕೊಟ್ಟದ್ದನ್ನೇ ದೇವರು ನನಗೆ ಕೊಡುವುದಾದರೆ? ಬೇರೆ ತೆಗೆಯಿರಿ."

ನಾಲ್ಕು ಜೊತೆ ನೋಡಿದ ಮೇಲೆ ಒಂದು ಪಾಸಾಯಿತು. ಅದನ್ನು ಎಲೆ ಅಡಿಕೆಯ ಜೊತೆ ಚೀಲದಲ್ಲಿ ಇಟ್ಟುಕೊಂಡು ಬಾರ್ಕೂರಿನ ಬಸ್ಸು ಹಿಡಿದೆವು.

ಸೀತಾ ನದಿಯ ಸೇತುವೆ ಬಂದಾಗ ನಾನು ಕಿಟಕಿಯ ಗಾಜು ಪೂರ್ತಿ ಸರಿಸಿದೆ. ನದಿ ಅಲ್ಲಿ ಅಗಲವಾಗಿ, ಅವಸರವಿಲ್ಲದೆ ಹೋಗುತ್ತದೆ. ಎರಡೂ ದಡದಲ್ಲಿ ತೆಂಗು. ಮೂರು ದೋಣಿಗಳಿದ್ದವು.

"ಒಂದು ದೋಣಿ ಕಂಡಿತು," ಎಂದರು ಅಣ್ಣ.

ಇನ್ನೆರಡರ ಸುದ್ದಿ ನಾನು ಹೇಳಲಿಲ್ಲ. ಸೇತುವೆ ದಾಟಿದ ಮೇಲೆ ಅವರು ಮಾತು ನಿಲ್ಲಿಸಿದರು. ಅದು ನನಗೆ ವಿಚಿತ್ರವೆನಿಸಿತು. ಜೀವಮಾನವಿಡೀ ಪಾಠ ಮಾಡಿದ ಊರು ಕಣ್ಣೆದುರು ಬರುವಾಗ ಈ ಮನುಷ್ಯ ನನ್ನ ಕಿವಿ ತೂತು ಮಾಡಬೇಕಿತ್ತು.

ದೇವಸ್ಥಾನದಲ್ಲಿ ಜನವಿರಲಿಲ್ಲ. ಕಲ್ಲಿನ ನೆಲ ಪಾದಕ್ಕೆ ತಂಪಾಗಿತ್ತು. ಭಟ್ಟರು ತಟ್ಟೆಯಲ್ಲಿ ಬೆಳ್ಳಿಯ ಕಣ್ಣು ಇಡಿಸಿ ಹೆಸರು, ನಕ್ಷತ್ರ ಕೇಳಿದರು. ಆಮೇಲೆ ಸುಮ್ಮನೆ ಮಾತಿಗೆಂದು, "ಹಳೇ ಹರಕೆಯಾ?" ಎಂದರು.

"ಹಳತೇ ಅಂತ... ಇತ್ತೀಚಿನದ್ದು. ತಾರೀಕು ಮಾತ್ರ ಹಳತು," ಎಂದೆ.

ಭಟ್ಟರಿಗೆ ಅರ್ಥವಾಗಲಿಲ್ಲ. ಆದರೆ ಅಣ್ಣನ ಕೊಳವೆನೋಟ ನಿಧಾನವಾಗಿ ನನ್ನ ಮುಖದ ಮೇಲೆ ಬಂದು ನಿಂತಿತು. ಮಕ್ಕಳ ಸುಳ್ಳು ಹಿಡಿದೇ ಸಂಬಳ ತೆಗೆದುಕೊಂಡವರ ಮುಂದೆ ನನ್ನದು ಎಷ್ಟು ಹೊತ್ತು ನಡೆದೀತು? ಪೂಜೆ ಮುಗಿದು, ಪ್ರಸಾದ ಹಿಡಿದುಕೊಂಡು ಹೊರಗಿನ ಜಗಲಿಯಲ್ಲಿ ಕೂತ ಕೂಡಲೇ ಕೇಳಿದರು.

"ನಿಜ ಹೇಳು. ಯಾವಾಗ ಹೇಳಿಕೊಂಡದ್ದು?"

"ನಿನ್ನೆ. ನಿಮ್ಮ ಹತ್ತಿರ ಹೇಳಿದ ಮೇಲೆ."

"ಅಂದರೆ ನನಗೆ ಹೇಳುವಾಗ ಹರಕೆಯೇ ಇರಲಿಲ್ಲ?"

"ಇರಲಿಲ್ಲ. ಆಮೇಲೆ ಮಾಡಿದೆ. ಈಗ ಸಂದಾಯವೂ ಆಯಿತು. ಲೆಕ್ಕ ಚುಕ್ತಾ."

ಬೈಯುತ್ತಾರೆ ಎಂದುಕೊಂಡೆ. ಅವರು ನಗಲು ಶುರು ಮಾಡಿದರು. ಕೆಮ್ಮು ಬರುವವರೆಗೆ ನಕ್ಕರು. "ದೇವರಿಗೇ ಟೋಪಿ ಹಾಕಿದ್ದೀಯಲ್ಲ ಮಾರಾಯ್ತಿ," ಎಂದರು. ಆಮೇಲೆ ಪಂಚೆಯ ಅಂಚಿನಿಂದ ಕಣ್ಣು ಒರೆಸಿಕೊಂಡು, "ಸರಿ, ಹರಕೆ ಆಯಿತಲ್ಲ. ಇನ್ನು ಬಸ್ಸಿಗೆ ಹೋಗುವ," ಎಂದು ಎದ್ದು ನಿಂತರು.

"ಅರಮನೆ?"

"ಬೇಡ."

"ಇಲ್ಲಿವರೆಗೆ ಬಂದು ಬೇಡವಾ? ನೀವೇ ಅಲ್ವಾ ಇನ್ನೊಮ್ಮೆ ನೋಡಬೇಕು ಅಂದದ್ದು?"

ಅಣ್ಣ ಮತ್ತೆ ಕೂತರು. "ಇನ್ನೊಮ್ಮೆ ಅಲ್ಲ," ಎಂದರು. "ನಾನು ಅದನ್ನು ಒಮ್ಮೆಯೂ ನೋಡಿಲ್ಲ."

ನನಗೆ ಮೊದಲು ಕೇಳಿಸಿದ್ದು ಸರಿಯೋ ಎಂದೇ ಅನುಮಾನವಾಯಿತು. ಅವರು ಪ್ರಸಾದದ ಎಲೆಯನ್ನು ಮಡಚುತ್ತಾ, ಬಿಚ್ಚುತ್ತಾ ಹೇಳಿದರು. ಕೆಲಸಕ್ಕೆ ಸೇರಿದ ವರ್ಷ ಹೆಡ್ಮಾಸ್ಟ್ರು, ಬಾರ್ಕೂರು ನೋಡಿದವರು ಯಾರಿದ್ದೀರಿ ಎಂದು ಕೇಳಿದರಂತೆ. ಹೊಸ ಹುಡುಗ, ಮೆಚ್ಚಿಸುವ ಆಸೆ, ಕೈ ಎತ್ತಿದರು. ಎತ್ತಿದ ಕೈಯನ್ನು ಇಳಿಸಲು ಆಮೇಲೆ ದಾರಿಯೇ ಸಿಗಲಿಲ್ಲ. ಪುಸ್ತಕದಲ್ಲಿ ಇದ್ದದ್ದು ನಾಲ್ಕು ಸಾಲು. ಕಂಬ, ಉಪ್ಪರಿಗೆ, ಮೆಟ್ಟಿಲು ಎಲ್ಲ ಇವರದೇ. ಶಾಲೆಯಿಂದ ಬಾರ್ಕೂರಿಗೆ ಪ್ರವಾಸ ಹೊರಟಾಗಲೆಲ್ಲ ಇವರಿಗೆ ಜ್ವರ, ಇಲ್ಲವೇ ಹೊಟ್ಟೆ ಸರಿ ಇಲ್ಲ. ಬೇರೆ ಮಾಸ್ಟ್ರುಗಳು ಕರೆದುಕೊಂಡು ಹೋಗುತ್ತಿದ್ದರು.

"ಮತ್ತೆ ಮಕ್ಕಳು ಬಂದು ಅರಮನೆ ಇಲ್ಲ ಅನ್ನಲಿಲ್ಲವಾ?"

"ಅಂದರು. ನೀವು ಸರಿಯಾದ ಕಡೆ ನೋಡಲಿಲ್ಲ ಅಂದೆ."

ಈಗ ನಗುವ ಸರದಿ ನನ್ನದಾಗಿತ್ತು. ಆದರೆ ಅವರ ಮುಖ ನೋಡಿ ನಗು ಬರಲಿಲ್ಲ.

"ನೋಡು," ಎಂದರು. "ನನ್ನ ಅರಮನೆ ತಲೆಯೊಳಗೆ ಉಂಟು. ಕಣ್ಣು ಪೂರ್ತಿ ಹೋದ ಮೇಲೂ ಅದನ್ನು ನಾನು ನೋಡಬಹುದು. ಈಗ ಅಲ್ಲಿಗೆ ಹೋಗಿ ಹಾಳುಬಿದ್ದ ಜಾಗ ನೋಡಿದರೆ, ಆಮೇಲೆ ನನಗೆ ಉಳಿಯುವುದು ಅದೇ. ಆಸ್ಪತ್ರೆಯಲ್ಲಿ ಏನೋ ಆಸೆಯಾಯಿತು, ಹೇಳಿದೆ. ಹತ್ತಿರ ಬರುತ್ತಾ ಬರುತ್ತಾ ಹೆದರಿಕೆಯಾಯಿತು."

ಅಲ್ಲಿಯವರೆಗೆ ನನಗೆ ನನ್ನ ಹಟ ಒಂದೇ ಗೊತ್ತಿತ್ತು. ಇದು ಗೊತ್ತಿರಲಿಲ್ಲ. ನಾನು ಅವರ ಪಕ್ಕದಲ್ಲಿ ಕೂತು ಪ್ರಸಾದದ ಗಂಧ ಹಚ್ಚಿಕೊಂಡೆ. ಕರೆದುಕೊಂಡು ಹೋಗಿ ಅವರ ನೂರು ಕಂಬವನ್ನು ನಾನೇ ಕೆಡವಿದಂತಾದರೆ? ಬಿಟ್ಟು ಹೋಗಿ, ನಾಳೆ ಕಣ್ಣು ಕತ್ತಲಾದ ಮೇಲೆ, ಹೊಸಿಲವರೆಗೆ ಹೋಗಿ ವಾಪಸು ಬಂದೆ ಎಂದು ಅವರು ಕೊರಗಿದರೆ? ಒಡೆದುಹೋದ ಅರಮನೆಯ ಜೊತೆ ಬದುಕಬಹುದು, ನೋಡದೆ ಬಂದೆ ಎನ್ನುವುದರ ಜೊತೆ ಬದುಕುವುದು ಕಷ್ಟ ಎಂದು ನನಗೆ ಅನ್ನಿಸಿತು. ಆದರೆ ಇದನ್ನು ಅವರಿಗೆ ಬುದ್ಧಿ ಹೇಳಿ ಒಪ್ಪಿಸಲು ಆಗದು. ಮಾಸ್ಟ್ರಿಗೆ ಯಾರು ಬುದ್ಧಿ ಹೇಳುವುದು?

ಚೀಲ ಹೆಗಲಿಗೆ ಹಾಕಿಕೊಂಡು ಎದ್ದೆ. "ನೀವು ಇಲ್ಲೇ ನೆರಳಲ್ಲಿ ಕೂತುಕೊಳ್ಳಿ. ನಾನು ಹೋಗಿ ನೋಡಿಕೊಂಡು ಬರುತ್ತೇನೆ. ಬಂದು ಎಲ್ಲ ಹೇಳುತ್ತೇನೆ."

"ನೀನು ಹೇಳುವುದಾ? ನಿನಗೆ ಮೂಡು ಯಾವುದು, ಪಡು ಯಾವುದು ಅಂತ ಗೊತ್ತಿಲ್ಲ."

"ಗೊತ್ತಿಲ್ಲದಿದ್ದರೆ ಎಂತ? ನಾಲ್ಕು ಕಲ್ಲು ಉಂಟು ಅಂತ ಹೇಳಲಿಕ್ಕೆ ಮೂಡು ಪಡು ಬೇಕಾ?"

ಹತ್ತು ಹೆಜ್ಜೆ ನಡೆದೆ. ಹಿಂದೆ ತಿರುಗಲಿಲ್ಲ. ಹನ್ನೊಂದನೆಯದಕ್ಕೆ ಅವರ ಕೋಲಿನ ಸದ್ದು ಕೇಳಿತು. "ನಿಲ್ಲು ಮಾರಾಯ್ತಿ, ಅರಮನೆಯ ಕೋಟೆಗೆ ಹೋಗುವ ದಾರಿ ಆ ಕಡೆ ಅಲ್ಲ," ಎಂದರು. ಅವರಿಗೆ ದಾರಿ ಗೊತ್ತಿರಲಿಲ್ಲ ಎನ್ನುವುದು ಈಗ ನನಗೆ ಗೊತ್ತಿತ್ತು. ಹುಲ್ಲು ಹೊತ್ತುಕೊಂಡು ಬರುತ್ತಿದ್ದ ಒಬ್ಬ ಹೆಂಗಸನ್ನು ಕೇಳಿದೆವು. ಅವಳು ತೋರಿಸಿದ್ದು ನಾನು ಹೊರಟಿದ್ದ ಕಡೆಯೇ. ಅಣ್ಣ ಆ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಒಂದೇ ಒಂದು ಸಲ ಎತ್ತಿದೆ, ಅಷ್ಟೇ. ಉಡುಪಿಗೆ ಬಸ್ಸು ಯಾವಾಗ ಎಂದು ಕೇಳಿದ್ದಕ್ಕೆ ಆ ಹೆಂಗಸು, "ಎರಡೂವರೆಗೆ ಒಂದುಂಟು, ಅದು ಬಿಟ್ಟರೆ ಸ್ವಲ್ಪ ಕಾಯಬೇಕು," ಎಂದಳು.

ಕೋಟೆಯ ಜಾಗದಲ್ಲಿ ಉಪ್ಪರಿಗೆ ಇರಲಿಲ್ಲ. ಗೋಡೆಯೂ ಇರಲಿಲ್ಲ. ಹುಲ್ಲಿನ ನಡುವೆ ಮೊಣಕಾಲೆತ್ತರದ ಕಲ್ಲಿನ ತಳಪಾಯ, ಅಲ್ಲಲ್ಲಿ ಮಣ್ಣಿನಿಂದ ಎದ್ದ ಕೆತ್ತಿದ ಕಲ್ಲುಗಳು, ಒಂದೆರಡು ಮರ, ಮೇಯುತ್ತಿದ್ದ ದನಗಳು. ಬಿಸಿಲು ಎಲ್ಲದರ ಮೇಲೂ ಸಮನಾಗಿ ಬಿದ್ದಿತ್ತು. ನಾನು ಒಂದೇ ನೋಟಕ್ಕೆ ಎಲ್ಲವನ್ನೂ ನೋಡಿ ಮುಗಿಸಿದೆ. ಇದಕ್ಕಾಗಿಯೇ ಇವರನ್ನು ಎಳೆದುಕೊಂಡು ಬಂದದ್ದು?

ಆದರೆ ಅಣ್ಣನಿಗೆ ಒಂದೇ ನೋಟಕ್ಕೆ ಎಲ್ಲವೂ ಕಾಣುವುದಿಲ್ಲವಲ್ಲ. ಅವರಿಗೆ ಒಂದು ಸಲಕ್ಕೆ ಒಂದು ಕಲ್ಲು. ಅವರು ತಳಪಾಯದ ಮೂಲೆಗೆ ಹೋಗಿ ಬಗ್ಗಿ ನೋಡಿದರು. ಕೈಯಿಂದ ಹುಲ್ಲು ಸರಿಸಿದರು. ಮುಂದಿನ ಕಲ್ಲು. ಮತ್ತೆ ಅದರ ಮುಂದಿನದು. ನಾನು ಮೊಣಕೈ ಹಿಡಿಯಲು ಹೋದೆ, ಬೇಡ ಎಂದು ಕೈಸನ್ನೆ ಮಾಡಿದರು. ಎರಡು ಕಲ್ಲಿನ ನಡುವೆ ಉಗುರು ತೂರಿಸಲು ನೋಡಿದರು, ಹೋಗಲಿಲ್ಲ. "ಅಬ್ಬಾ," ಎಂದರು. ಕೋಲು ಊರುತ್ತಾ ಹೆಜ್ಜೆ ಎಣಿಸಲು ಶುರು ಮಾಡಿದರು. ಒಂದು ಬದಿ ಮುಗಿಯುವಾಗ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು.

"ನಾನು ಹೇಳಿದ್ದಕ್ಕಿಂತ ಸಣ್ಣದು," ಎಂದು ಕೂಗಿ ಹೇಳಿದರು. ದುಃಖದ ದನಿಯಲ್ಲ, ಉತ್ತರಪತ್ರಿಕೆ ತಿದ್ದುವ ದನಿ.

ನಾನು ಮರದ ಬುಡದಲ್ಲಿ ಕೂತೆ. ಎರಡನೇ ಬದಿಯ ನಡುವೆ ಅವರು ನಿಂತುಬಿಟ್ಟರು. ಕೋಲು ಕೆಳಗಿಟ್ಟು, ಮೊಣಕಾಲೂರಿ ಕೂತರು. ಅಷ್ಟು ದಿನ ನೋವಿನ ನೆಪ ಹೇಳಿದ ಮೊಣಕಾಲು ಅದೇ. ಬಿದ್ದರೇನೋ ಎಂದು ಓಡಿದೆ.

"ಹೊಸಿಲು," ಎಂದರು. ಉದ್ದದ ಕಲ್ಲೊಂದನ್ನು ಅಂಗೈಯಿಂದ ಒರೆಸುತ್ತಿದ್ದರು. "ಇಲ್ಲಿ ನೋಡು. ನಡುವೆ ಸವೆದು ತಗ್ಗಾಗಿದೆ. ಎಷ್ಟು ಕಾಲು ದಾಟಿರಬೇಕು ಇದನ್ನು! ನಾನು ಉಪ್ಪರಿಗೆ ಹೇಳಿದೆ, ಕಂಬ ಹೇಳಿದೆ, ಹೊಸಿಲು ಸವೆದದ್ದನ್ನು ಹೇಳಲೇ ಇಲ್ಲ. ಗೊತ್ತೇ ಇರಲಿಲ್ಲ."

"ಈಗ ಗೊತ್ತಾಯಿತಲ್ಲ."

"ಗೊತ್ತಾಯಿತು," ಎಂದರು. ಮುಖವನ್ನು ಕಲ್ಲಿಗೆ ಇನ್ನೂ ಹತ್ತಿರ ತಂದು, ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನೋಡಿದರು. ಓದಿ ಬಾಯಿಪಾಠ ಮಾಡುವವರು ಹಾಗೆ ನೋಡುತ್ತಾರೆ. ನಾನು ಅವರಿಗೆ ನೆರಳು ಬೀಳುವ ಹಾಗೆ ನಿಂತೆ. "ಸರಿ ಆಚೆ, ಬೆಳಕು ಬಿಡು," ಎಂದು ಗದರಿದರು. ಸರಿದೆ.

ಮದ್ದಿನ ಸಮಯಕ್ಕೆ ಅಲ್ಲೇ ಮುಖ ಮೇಲೆತ್ತಿಸಿ ಎರಡೂ ಕಣ್ಣಿಗೆ ಒಂದೊಂದು ಹನಿ ಬಿಟ್ಟೆ. ಐದು ನಿಮಿಷ ಕಣ್ಣು ಮುಚ್ಚಿ ಕೂರಬೇಕು ಎಂದು ಡಾಕ್ಟರು ಹೇಳಿದ್ದಾರೆ. ಮೂರು ನಿಮಿಷಕ್ಕೇ ಎದ್ದು, ಕೋಲು ಹುಡುಕಿಕೊಂಡು, ಎರಡನೇ ಬದಿ ಮುಗಿಸಿ ಮೂರನೆಯದಕ್ಕೆ ಹೊರಟರು. ಇನ್ನೂ ಒಂದೂವರೆ ಬದಿ ಬಾಕಿ ಇರುವಾಗ ರಸ್ತೆಯ ಕಡೆಯಿಂದ ಹಾರ್ನ್ ಕೇಳಿಸಿತು. ಗಂಟೆ ನೋಡಿದೆ. ಎರಡೂವರೆ.

ಅಣ್ಣ ಕಲ್ಲಿನ ಮೇಲೆ ಬೆರಳಿಟ್ಟುಕೊಂಡೇ ಕಿವಿ ನಿಮಿರಿಸಿದರು. "ಬಸ್ಸಲ್ವಾ ಅದು?"

"ಲಾರಿ," ಎಂದೆ. "ನೀವು ನೋಡಿ."